ಬಸ್ಸು ಹೊರಡದ ದಿನ

ಬೆಳಿಗ್ಗೆ ಏಳಕ್ಕೆ ಠಾಣೆಗೆ ಬಂದ ದೂರು ಆಸ್ಪತ್ರೆಯದು. ರಾಷ್ಟ್ರೀಯ ಯುವಸೇವಾ ಸಂಸ್ಥೆಯ ಶಿಬಿರದ ಸ್ವಯಂಸೇವಕರೆಲ್ಲ ರಾತ್ರಿಯಿಂದ ವಾಂತಿಭೇದಿಯಾಗಿ ದಾಖಲಾಗಿದ್ದರು. ಒಬ್ಬ ಹುಡುಗಿ ತೀವ್ರ ನಿಗಾ ಘಟಕದಲ್ಲಿದ್ದಳು. ಊಟದಲ್ಲಿ ಔಷಧ ಬೆರೆಸಿದ ಶಂಕೆಯಿದೆ ಎಂದು ವೈದ್ಯರು ಬರೆದಿದ್ದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್‌ನೊಂದಿಗೆ ಜೀಪು ಹತ್ತಿದಳು.

ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಒಂದು ವರ್ಷ ಈ ಶಿಬಿರದಲ್ಲಿದ್ದು ಸುತ್ತಲ ಶಾಲೆಗಳಲ್ಲಿ ಪಾಠ ಹೇಳಿ, ಕೆರೆಯ ಹೂಳೆತ್ತಿ, ಊರಿಗೆ ಮರಳುತ್ತಾರೆ. ಈ ತಂಡ ಹೊರಡಬೇಕಿದ್ದದ್ದು ಇಂದೇ. ಬಸ್ಸು ಗೇಟಿನ ಬಳಿ ಖಾಲಿ ನಿಂತಿತ್ತು.

ಅಡುಗೆಯವಳು ಸೊಂಟದ ಮೇಲೆ ಕೈಯಿಟ್ಟು ಕಾದಿದ್ದಳು.

“ನನ್ನ ಅಡುಗೆಗೆ ಮೂಗು ಮುರಿದೋರಿದಾರೆ ಮೇಡಂ. ಪೊಲೀಸ್ ಕರೆಸಿದ್ದು ಇದೇ ಮೊದಲು.”

“ನೀವೂ ಅದನ್ನೇ ತಿಂದ್ರಾ?”

“ಅನ್ನ, ಪಲ್ಯ ಎಲ್ಲಾ ತಿಂದೆ. ಹಣ್ಣಿನ ರಸ ಮಾತ್ರ ಕುಡೀಲಿಲ್ಲ, ಸಕ್ಕರೆ ಕಾಯಿಲೆ. ಡ್ರೈವರೂ ಕುಡೀಲಿಲ್ಲ. ಗಟ್ಟಿಯಾಗಿದೀವಿ.”

“ರಸದ ಪಾತ್ರೆ ಎಲ್ಲಿತ್ತು?”

“ಹೊರಗೆ, ಮೇಜಿನ ಮೇಲೆ. ಯಾರ ಕೈ ಬೇಕಾದ್ರೂ ಹೋಗಬಹುದಿತ್ತು.”

ಪಾತ್ರೆ, ಲೋಟಗಳನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಪಕ್ಕದ ಹಾಲ್‌ನಲ್ಲಿ ಒಂದೇ ಸಾಲಿಗೆ ಹಾಸಿಗೆಗಳು, ಒಗೆದ ಹೊದಿಕೆಗಳು. ಪ್ರತಿ ದಿಂಬಿನ ಬದಿಯಲ್ಲೂ ಓಆರ್‌ಎಸ್ ಪೊಟ್ಟಣ.

“ಇದನ್ನೆಲ್ಲ ಯಾರು ಹಾಕಿದ್ದು?”

“ಅಣ್ಣ. ನಿನ್ನೆ ಸಂಜೆ. ಊರಿಗೆ ಹೋಗೋ ಮಕ್ಕಳು ಕೊನೇ ರಾತ್ರಿ ಒಟ್ಟಿಗೆ ಮಲಗಲಿ ಅಂತ.”

ಶಿಬಿರದ ಮುಖ್ಯಸ್ಥನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಣ್ಣ ಎಂದೇ. ಇಪ್ಪತ್ತರ ಹರೆಯದಲ್ಲಿ ಸ್ವಯಂಸೇವಕನಾಗಿ ಬಂದವನು ಇಲ್ಲೇ ಉಳಿದುಬಿಟ್ಟಿದ್ದ. ಅವನ ಕೋಣೆಯ ಗೋಡೆ ತುಂಬ ತಂಡಗಳ ಫೋಟೋ. ಎಲ್ಲದರಲ್ಲೂ ಎಡತುದಿಗೆ ಅವನೇ. ಫೋಟೋದಿಂದ ಫೋಟೋಗೆ ಅವನ ತಲೆ ನೆರೆಯುತ್ತ ಬಂದಿತ್ತು. ಪಕ್ಕದವರ ವಯಸ್ಸು ಮಾತ್ರ ಎಲ್ಲೂ ಏರಿರಲಿಲ್ಲ. ಇನ್‌ಸ್ಪೆಕ್ಟರ್ ಬಹಳ ಹೊತ್ತು ನೋಡಿದಳು. ಅವಳ ಕ್ವಾರ್ಟರ್ಸಿನ ಗೋಡೆಗಳು ಬೋಳು. ಮೊಳೆ ಹೊಡೆಯುವಷ್ಟರಲ್ಲಿ ವರ್ಗಾವಣೆ ಬರುತ್ತಿತ್ತು.

ರಸ್ತೆ ಮೂಲೆಯ ಔಷಧದಂಗಡಿಯವನು ಹೇಳಿದ: “ಅಣ್ಣ ಬಂದಿದ್ರು. ಓಆರ್‌ಎಸ್ ಇದ್ದಷ್ಟೂ ಒಯ್ದ್ರು.”

“ಯಾವಾಗ?”

“ನಿನ್ನೆ ಮಧ್ಯಾಹ್ನ.”

“ಬೇರೇನಾದ್ರೂ?”

“ಹೊಟ್ಟೆ ಕಟ್ಟಿದೆ ಅಂತ ಭೇದಿ ಔಷಧ. ಒಂದು ಬಾಟ್ಲಿ ಸಾಲದು ಅಂದ್ರು.”

ಹೊರಗೆ ಬಂದಾಗ ಹೆಡ್ ಕಾನ್‌ಸ್ಟೇಬಲ್ ಟೋಪಿ ಸರಿಮಾಡಿಕೊಂಡ. “ಕಾಯಿಲೆ ಬರೋಕ್ಮುಂಚೆ ಆರೈಕೆಗೆ ಅಣಿ ಮಾಡಿದೋರನ್ನ ನಾನು ಕಂಡಿಲ್ಲ ಮೇಡಂ.”

ಅಣ್ಣ ಆಸ್ಪತ್ರೆಯ ಬೆಂಚಿನಲ್ಲಿ, ನಿಗಾ ಘಟಕದ ಬಾಗಿಲಿಗೆ ಕಣ್ಣು ನೆಟ್ಟು ಕೂತಿದ್ದ.

“ಓಆರ್‌ಎಸ್ ಯಾಕೆ ತಂದ್ರಿ?”

“ಬಿಸಿಲಲ್ವಾ ಮೇಡಂ. ಮಕ್ಕಳು ದೂರ ಹೋಗೋರು.”

“ಹಾಗಿದ್ರೆ ಬಸ್ಸಲ್ಲಿರಬೇಕಿತ್ತು. ದಿಂಬಿನ ಪಕ್ಕ ಯಾಕಿತ್ತು?”

ಅವನು ಮುಖ ಒರೆಸಿಕೊಂಡ. ಸುಳ್ಳು ಹೇಳಿ ಅಭ್ಯಾಸವಿಲ್ಲದವನಂತೆ ತಡವರಿಸಿದ.

“ಆ ಮಗೂಗೆ ಕಿಡ್ನಿ ತೊಂದರೆ ಇತ್ತು ಅಂತ ನಂಗೆ ಗೊತ್ತಿರ್ಲಿಲ್ಲ. ನನ್ನಾಣೆ ಗೊತ್ತಿರ್ಲಿಲ್ಲ. ಒಂದೆರಡು ದಿನ ಹೊಟ್ಟೆ ಕೆಡತ್ತೆ, ಬಸ್ಸು ನಿಲ್ಲತ್ತೆ, ನಾನು ನೋಡ್ಕೊಳ್ತೀನಿ ಅಂದ್ಕೊಂಡೆ. ಅಷ್ಟೇ.”

“ತಂಡಗಳು ಪ್ರತಿವರ್ಷ ಹೋಗ್ತಾವಲ್ಲ?”

“ಹೋಗ್ತಾವೆ. ತಿರುವು ದಾಟೋ ತನಕ ಕೈ ಬೀಸ್ತಾರೆ. ಆಮೇಲೆ ಹೊಸಬರು ಬರೋವರೆಗೂ ಪಾತ್ರೆ ಸದ್ದೂ ಇರಲ್ಲ. ಅದನ್ನ ಹೇಗೋ ನೂಕಿದೀನಿ.” ದನಿ ಇಳಿಯಿತು. “ಮುಂದಿನ ತಂಡಕ್ಕೆ ಬೇರೆಯೋರನ್ನ ನೇಮಿಸಿದಾರೆ. ನಂಗೆ ವಯಸ್ಸಾಯ್ತಂತೆ. ಯುವಕರ ಸಂಸ್ಥೆ ನೋಡಿ.”

ಮಧ್ಯಾಹ್ನ ಮೂರಕ್ಕೆ ಅವನನ್ನು ಬಂಧಿಸಿದರು. ಅಷ್ಟರಲ್ಲಿ ಹುಡುಗಿಯನ್ನು ವಾರ್ಡಿಗೆ ತಂದಿದ್ದರು. ಆ ಸುದ್ದಿ ಕೇಳಿದ ಮೇಲೆಯೇ ಅವನು ಬೆಂಚಿನಿಂದ ಎದ್ದದ್ದು.

ಬಂಧನವನ್ನು ಹತ್ತಿರದವರೊಬ್ಬರಿಗೆ ತಿಳಿಸುವುದು ನಿಯಮ. ಹೆಂಡತಿಯಿಲ್ಲ, ಒಡಹುಟ್ಟಿದವರಿಲ್ಲ. ಠಾಣೆಗೆ ಬಂದ ಮೇಲೆ ಬಹಳ ಯೋಚಿಸಿ ಹಳೆಯ ತಂಡದ ಒಬ್ಬನ ನಂಬರು ಹೇಳಿದ. ಇನ್‌ಸ್ಪೆಕ್ಟರ್ ತನ್ನ ಕೋಣೆಗೆ ಹೋಗಿ ಫೋನ್ ಮಾಡಿದಳು.

“ಯಾವ ಅಣ್ಣ?” ಎಂದಿತು ಆ ಕಡೆಯ ದನಿ. ಅವಳು ಬಿಡಿಸಿ ಹೇಳಿದಳು.

“ಓ. ಅವರಿನ್ನೂ ಅಲ್ಲೇ ಇದಾರಾ? ನಾನೀಗ ಮೀಟಿಂಗಲ್ಲಿದೀನಿ ಮೇಡಂ. ಆಮೇಲೆ ಮಾಡ್ತೀನಿ.”

ಸಂಜೆಯವರೆಗೂ ಫೋನ್ ಬರಲಿಲ್ಲ. ಅವಳು ಲಾಕಪ್ಪಿನ ಮುಂದೆ ಬಂದು ನಿಂತಳು.

“ಏನಂದ?” ಅಣ್ಣ ಕೇಳಿದ.

“ತುಂಬಾ ಕೇಳಿದ ನಿಮ್ಮನ್ನ.”

“ಕೇಳೇ ಕೇಳ್ತಾನೆ,” ಎಂದು ಅವನು ತಲೆಯಾಡಿಸಿದ. “ಕೆರೆ ಕೆಲಸದಲ್ಲಿ ಒಂದ್ಸಲ ಮುಳುಗೋದ್ರಲ್ಲಿದ್ದ. ಆಮೇಲೆ ಈಜು ಕಲಿಸಿದ್ದು ನಾನೇ.”