ಅಕ್ಕಣಿಯ ಮೀನಿಲ್ಲದ ಮದುವೆ

ಕಡಲ ಪ್ರಾಣಿಗಳು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ ಪಚ್ಚೆತೀರ ಎಂಬ ರಾಜ್ಯವಿತ್ತು. ದಡದ ಹತ್ತಿರವೇ ನೀರಿನಡಿ ಹಸಿರು ಹುಲ್ಲುಗಾವಲು. ಮೀನುಗಳು ಮರಿ ಸಾಕುವ ಜಾಗವದು. ಅಲ್ಲಿ ಯಾರೂ ಬಲೆ ಹಾಕಬಾರದೆಂದು ರಾಜ ಸುತ್ತಲೂ ಕೆಂಪು ಕಂಬ ನೆಡಿಸಿದ್ದ.

ಒಂದು ದಿನ ಜಾಲಕಣ್ಣನೆಂಬ ಮಾಂತ್ರಿಕ ಬಂದು ಊರಿನವರಿಗೆ ಸೊಳ್ಳೆಯೂ ನುಸುಳದ ಬಲೆ ಕೊಟ್ಟ. ಜನ ಆಸೆಬುರುಕರಾಗಿ ಅದನ್ನು ಕಂಬದೊಳಗೇ ಎಳೆದರು. ಮೀನಿನ ಜೊತೆ ಬುಟ್ಟಿಗಟ್ಟಲೆ ಹುಲ್ಲು ಬಂತು. ತೆಂಗಿಗೆ ಒಳ್ಳೇ ಗೊಬ್ಬರವಾಯಿತೆಂದು ಬುಡಕ್ಕೆ ಸುರಿದು ಹಿಗ್ಗಿದರು. ಮೂರೇ ವರ್ಷ, ಬೆಕ್ಕಿಗೂ ಮೀನಿಲ್ಲ. ಬಲೆ ಮಾತ್ರ ದಿನಾ ತಾನಾಗಿ ಕಡಲು ಬಾಚುತ್ತಲೇ ಇತ್ತು.

ಆ ಊರಿನ ಹುಡುಗಿ ಅಕ್ಕಣಿಯ ಮದುವೆ ಮೀನಿಲ್ಲದೆ ಮೂರು ಸಲ ಮುಂದೆ ಹೋಯಿತು.

"ಮೀನಿಲ್ದೆ ಮದಿಯಾ? ಹತ್ತೂರ್ ಜನ ನೆಗಾಡ್ತ್ರ್ ಹೆಣೆ!" ಎಂದಳು ಅಜ್ಜಿ.

ಅಕ್ಕಣಿಗೆ ಸಿಟ್ಟು ನೆತ್ತಿಗೇರಿತು. ದೋಣಿ ಹತ್ತಿ ಹುಲ್ಲುಗಾವಲಿಗೆ ಹೋದಳು. ಅಲ್ಲಿ ಮೇಯಲು ಹುಲ್ಲಿಲ್ಲದೆ ಬಡಕಲಾದ ಕಡಲಹಸು ನೀರಿನಿಂದ ತಲೆಯೆತ್ತಿತು.

"ಮಗಳೇ, ಹುಲ್ಲಿನ ಬೇರು ಮತ್ತೆ ನೆಡು. ಬಲೆಯ ಗಂಟು ಬಿಚ್ಚು. ಮೀನು ತಾನಾಗಿ ಕೈಗೆ ಬಂದರೂ ಹಿಡಿಯಬೇಡ. ಮೂರೂ ಆದರೆ ಬಲೆ ಪುಡಿಯಾಗುತ್ತದೆ. ಮಾಂತ್ರಿಕನ ಜೀವ ಅದರಲ್ಲೇ ಇದೆ."

ಅಕ್ಕಣಿ ತೆಂಗಿನ ಬುಡಕ್ಕೆ ಈಚೆಗೆ ಸುರಿದ ಹುಲ್ಲಿನಿಂದ ಹಸಿಬೇರು ಹೆಕ್ಕಿ, ಮುಳುಗಿ ಮುಳುಗಿ ನೆಟ್ಟಳು. ಮದುಮಗ ಸೂರನೂ ಮುಳುಗಿದ, ಅವಳಿಗಿಂತ ಬೇಗ ಸುಸ್ತಾದ.

ಬಲೆಯ ಗಂಟನ್ನು ಮೂರು ತಲೆಯ ಏಡಿ ಕಾಯುತ್ತಿತ್ತು. ಅಕ್ಕಣಿ ಒಂದೇ ಒಂದು ಕೊಟ್ಟೆಕಡುಬು ಎಸೆದಳು. "ನನಗೆ!" "ನನಗೆ!" "ನನಗೆ!" ಎಂದು ಮೂರು ತಲೆಗಳೂ ಕಚ್ಚಾಡುವಷ್ಟರಲ್ಲಿ ಗಂಟು ಬಿಚ್ಚಿ ಬಂದಳು.

ಮರುದಿನ ಬೆಳಿಗ್ಗೆ ತೋಳುದ್ದದ ಅಂಜಲ್ ಮೀನುಗಳು ಬಂದು ದೋಣಿಗೆ ಮೈಯುಜ್ಜಿದವು.

"ಹಿಡಿ ಅಕ್ಕಣಿ, ಇವತ್ತೇ ಮದುವೆ!" ಎಂದು ದೋಣಿಯಲ್ಲಿ ಫಕ್ಕನೆ ಪ್ರತ್ಯಕ್ಷನಾದ ಜಾಲಕಣ್ಣ ಅವಳ ಕಿವಿಯಲ್ಲಿ ಪಿಸುಗುಟ್ಟಿದ.

ಅವಳ ಕೈ ತುರಿಸಿತು, ಕಣ್ಣು ತುಂಬಿತು. ಎರಡೂ ಕೈ ತೊಡೆಯಡಿ ಒತ್ತಿಕೊಂಡು ಕೂತಳು. ಆಮೇಲೆ ದಡದ ಕಡೆ ಕೂಗಿದಳು: "ಅಜ್ಜಿ, ಇವತ್ತೇ ಮದಿ! ಕುಂಬ್ಳಕಾಯಿ ಹುಳಿ ಮಾಡ್ವ! ಮೀನ್ ಮರಿ ಮಾಡ್ಲಿ!"

ಅಜ್ಜಿ ಕುಂಬಳಕಾಯಿ ಹೆಚ್ಚಲು ಕತ್ತಿ ಹುಡುಕಿಕೊಂಡು ಓಡಿದಳು.

ಅಷ್ಟರಲ್ಲೇ ಬಲೆ ಎಳೆಎಳೆಯಾಗಿ ಪುಡಿಯಾಯಿತು. ಜಾಲಕಣ್ಣ ನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗಿಹೋದ. ಹತ್ತೂರ ಜನ ಬಂದು ಹುಳಿಯನ್ನು ಮೂರು ಮೂರು ಸಲ ಬಡಿಸಿಕೊಂಡು ಉಂಡರು. ಒಬ್ಬರೂ ನಗಲಿಲ್ಲ. ಹುಲ್ಲು ದಟ್ಟವಾಯಿತು, ಮರಿಗಳು ಬೆಳೆದು ಕಂಬ ದಾಟಿ ಬಂದವು. ಅಕ್ಕಣಿ, ಸೂರ, ಊರಿನವರೆಲ್ಲ ಹೊರಗೆ ಬಂದ ಮೀನನ್ನಷ್ಟೇ ಹಿಡಿದು ಹೊಟ್ಟೆ ತುಂಬ ಉಂಡು ಸುಖವಾಗಿ ಬಾಳಿದರು.