ಪಿಯಾನೊಗೆ ಬಿದ್ದ ಕುಂಕುಮ

ಕ್ಲಬ್ಬಿನ ಜವಾನ ಚೌಡಯ್ಯನ ಹೆಂಡತಿ ಮಂಚಮ್ಮ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಾಗ ವಹಾಬ್ ಸಾಹೇಬರು ಆತಗೂರಿನ ಭಜನೆ ಮಂಡಳಿಯ ಹಾರ್ಮೋನಿಯಂ ಬಿಚ್ಚಿಕೊಂಡು ಅದರ ತಿದಿಗೆ ತೇಪೆ ಹಾಕುತ್ತಿದ್ದರು. ೧೯೪೪ರ ವಿಜಯದಶಮಿ, ಮಧ್ಯಾಹ್ನ ಮೂರು ಗಂಟೆ. ಪಕ್ಕದ ಸ್ಟೂಲಿನ ಮೇಲೆ ಕೆಂಪಸಿದ್ದಯ್ಯ ಮೇಷ್ಟರು ಬೆಳಿಗ್ಗೆ ಓದಿ ಮುಗಿಸಿದ್ದ ಪೇಪರನ್ನೇ ಮತ್ತೆ ಓದುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರ ಹಗಲೆಲ್ಲ ಆ ಸ್ಟೂಲಿನ ಮೇಲೆಯೇ ಕಳೆಯುತ್ತಿತ್ತು. ಮನೆಯಲ್ಲಿ ಮಾತಾಡಿದರೆ ಗೋಡೆ ಕೇಳಬೇಕು. ಇಲ್ಲಾದರೆ ಬೈಯುವುದಕ್ಕಾದರೂ ಒಬ್ಬ ಮನುಷ್ಯನಿದ್ದ.

ಸಾಹೇಬರ ಕಸುಬು ಹಾರ್ಮೋನಿಯಂ ರಿಪೇರಿ. ಆದರೆ ಕೆರಗೋಡಿನಲ್ಲಿ ಕಳುವಾದ ಕಳಶವನ್ನು ಮೂರೇ ದಿನದಲ್ಲಿ ಹುಡುಕಿಕೊಟ್ಟ ಮೇಲೆ, ಮದ್ದೂರಿನ ಜನ ಪೊಲೀಸು ಠಾಣೆಗಿಂತ ಮೊದಲು ಅವರ ಮೆಟ್ಟಿಲು ಹತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

"ನಮ್ಮೋರ್ನ ಕೆಲ್ಸದಿಂದ ತೆಗ್ದವ್ರೆ ಸಾಬ್ರೇ," ಎಂದಳು ಮಂಚಮ್ಮ. "ಒತ್ತು ಮುಳ್ಗಾದ್ರೊಳ್ಗೆ ಮನೆ ಕಾಲಿ ಮಾಡು ಅಂದವ್ರೆ. ಕ್ಲಬ್ಬಿನ ಪಿಯಾನೊ ಕೆಡ್ಸುದ್ನಂತೆ. ನೆನ್ನೆ ಆಯುಧಪೂಜೆ ಅಲ್ವಾ, ಪೆಟ್ಗೆ ಒಳ್ಗೆಲ್ಲ ಸುತ್ಗೆನೇ ಅವೆ ಅಂತ ಮುಚ್ಳ ತೆಗ್ದು ಕುಂಕುಮ ಎರ್ಚವ್ರೆ. ಸುತ್ಗೆಗೆ ಪೂಜೆ ಮಾಡದು ತಪ್ಪಾ, ನೀವೇ ಯೋಳಿ."

"ತಪ್ಪಿಲ್ಲಮ್ಮ. ನನ್ನ ಸುತ್ತಿಗೆಗೂ ಮೇಷ್ಟ್ರು ನೆನ್ನೆ ಹೂವು ಇಟ್ಟಿದಾರೆ, ನೋಡು," ಎಂದು ಸಾಹೇಬರು ಎದ್ದು ಟೋಪಿ ಹಾಕಿಕೊಂಡರು. ಮೇಷ್ಟರು ಕೊಡೆ ಹುಡುಕಿದರು. ಮಳೆಯಾಗಲಿ ಬಿಸಿಲಾಗಲಿ ಇರಲಿಲ್ಲ. ಪತ್ತೇದಾರಿಕೆಗೆ ಕೊಡೆಯಿಲ್ಲದೆ ಹೋಗುವುದು ಮರ್ಯಾದೆಯಲ್ಲ ಎಂದು ಅವರು ತಿಳಿದಿದ್ದರು.

ಶಿಂಷಾ ಹೊಳೆಯ ಪಕ್ಕದ ಕ್ಲಬ್ಬಿನಲ್ಲಿ ಅಂದು ಸಂಜೆ ಆರಕ್ಕೆ ದೊಡ್ಡ ಕಾರ್ಯಕ್ರಮವಿತ್ತು. ಮಂಗಳೂರಿನ ಲಿಗೋರಿ ಸಲ್ಡಾನ್ಹಾ ಮಾಸ್ತರರು, ಎಪ್ಪತ್ತೆರಡು ವರ್ಷದವರು, ಜಾಜ್ ಎಂಬ ಸಂಗೀತವನ್ನು ಪಿಯಾನೊದಲ್ಲಿ ನುಡಿಸಿ ಊರೂರು ಗೆದ್ದವರು, ಇಂದು ಕಡೆಯ ಸಲ ನುಡಿಸುವವರಿದ್ದರು. ಬೊಂಬಾಯಿ, ಕಲ್ಕತ್ತೆ, ಬೆಂಗಳೂರು ದಂಡಿನ ವಾದ್ಯಮೇಳಗಳ ಐವರು ಘಟಾನುಘಟಿಗಳು ಅವರ ಜೊತೆಗೆ ಬಂದಿದ್ದರು. ಬೆಂಗಳೂರು ಬಿಟ್ಟು ಮದ್ದೂರೇ ಏಕೆಂದರೆ, ನಲವತ್ತೈದು ವರ್ಷದ ಹಿಂದೆ ಕಾಲುವೆ ಇಂಜಿನಿಯರ್ ದೊರೆಯ ಮಗಳಿಗೆ ಪಾಠ ಹೇಳಲು ಬಂದಾಗ ಮಾಸ್ತರರು ಮೊದಲ ಸಂಬಳ ತೆಗೆದುಕೊಂಡದ್ದು ಈ ಪಿಯಾನೊದ ಮುಂದೆ ಕೂತು. ದೊರೆ ಹೋದ, ಮಗಳು ಹೋದಳು, ಪಿಯಾನೊ ಕ್ಲಬ್ಬಿಗೆ ಉಳಿಯಿತು.

ಕ್ಲಬ್ಬಿನ ಸೆಕ್ರೆಟರಿ, ಅಕ್ಕಿ ಗಿರಣಿಯ ನಿಂಗಯ್ಯನವರು, ಬಾಗಿಲಲ್ಲೇ ಎದುರಾದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನಾನು ಸ್ವರ ಬರ್ತಿಲ್ಲ ಅಂದೆ, ಅಷ್ಟೆ. ಈ ಚೌಡಯ್ಯ 'ಪೂಜೆ ಮಾಡಿದ್ದೆ ಬುದ್ಧಿ' ಅಂದ. ಬಲಗಡೆ ಕೊನೆಯ ಹನ್ನೆರಡು ಮಣೆ ಒತ್ತಿದ್ರೆ ಸದ್ದೇ ಇಲ್ಲ. ಒಳಗಿನ ಸುತ್ತಿಗೇನೇ ಮಾಯ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಮಾಸ್ತರರು ಅದನ್ನೇ ನುಡಿಸಿ, ಪೆಟ್ಟಿಗೆ ಚೆನ್ನಾಗಿದೆ ಅಂದ್ರು. ನಾನು ನೋಡಿದ್ದು ಎರಡು ಗಂಟೆಗೆ. ನಡುವೆ ಬೀಗದ ಕೈ ಇದ್ದದ್ದು ಇವನ ಸೊಂಟದಲ್ಲಿ. ಇನ್ನೇನು ಪತ್ತೆ ಮಾಡ್ಬೇಕು ಸಾಬ್ರೇ?"

"ಏನೂ ಇಲ್ಲ ಸ್ವಾಮಿ. ಪೆಟ್ಟಿಗೆ ನೋಡಿ ಆಸೆ ತೀರಿಸ್ಕೊಂಡು ಹೋಗ್ತೀನಿ."

ಮೇಲಿನ ಮುಚ್ಚಳ ತೆಗೆದರು. ತಂತಿಗೆ ಬಡಿದು ಸ್ವರ ಎಬ್ಬಿಸುವ ಪುಟ್ಟ ಸುತ್ತಿಗೆಗಳ ಸಾಲು ಕೆಂಪಾಗಿತ್ತು. ಚೌಡಯ್ಯ ಭಕ್ತಿಯಲ್ಲಿ ಜಿಪುಣತನ ಮಾಡುವವನಲ್ಲ. ಬಲತುದಿಯಲ್ಲಿ ಹನ್ನೆರಡು ಸುತ್ತಿಗೆಗಳ ಜಾಗ ಖಾಲಿಯಿತ್ತು. ಮುರಿದಿರಲಿಲ್ಲ, ಸ್ಕ್ರೂ ಬಿಚ್ಚಿ ನಾಜೂಕಾಗಿ ತೆಗೆದಿದ್ದರು. ಸಾಹೇಬರು ಬೆಂಕಿಕಡ್ಡಿಯೊಂದನ್ನು ಸ್ಕ್ರೂ ಇದ್ದ ತೂತಿಗೆ ತೂರಿಸಿ ತೆಗೆದರು. ಕಡ್ಡಿಗೆ ಕುಂಕುಮ ಹತ್ತಿತ್ತು. ಹನ್ನೆರಡು ತೂತಿಗೂ ಹಾಗೆಯೇ ಮಾಡಿ, ಏನೂ ಹೇಳದೆ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡರು.

ಚೌಡಯ್ಯ ಹಿತ್ತಿಲಲ್ಲಿ ಪಾತ್ರೆಪಡಗ ಗೋಣಿಗೆ ತುಂಬುತ್ತಿದ್ದ. ಇಪ್ಪತ್ತು ವರ್ಷ ಗುಡಿಸಿದ ಜಾಗವನ್ನು ಬಿಟ್ಟು ಹೋಗುವವನಿಗೆ ಅಳುವೂ ಬಂದಿರಲಿಲ್ಲ.

"ನೆನ್ನೆ ಪಿಯಾನೊ ಹತ್ರ ಯಾರ್ಯಾರು ಹೋಗಿದ್ರಪ್ಪ?" ಎಂದು ಸಾಹೇಬರು ಕೇಳಿದರು.

"ಹನ್ನೆಲ್ಡ್ ಗಂಟೆ ರೈಲ್ಗೆ ಎಲ್ರೂ ಬಂದ್ರು. ಮಾಸ್ತರ್ರು ಮನೀಕಂಡ್ರು. ಆ ಕರೀ ಓಲಗ್‌ದೋರು ಪೆಟ್ಗೆ ಸರಿ ಐತಾ ನೋಡ್ತೀನಿ ಅಂತ ಒಳಿಕೋಗಿದ್ರು. ನಾಕ್ ಗಂಟೆಗೆ ನಾನು ಪೂಜೆ ಮಾಡಿ ಬೀಗ ಆಕ್ದೆ. ಪೂಜೆ ಮಾಡುದ್ಮೇಕೆ ಆಯ್ದ ಮುಟ್ಟಂಗಿಲ್ವಲ್ಲ, ಬೆಳಿಗ್ಗೆ ಊವ ತೆಗೆಯೋಗಂಟ ಯಾರ್ನೂ ಬುಡ್ನಿಲ್ಲ."

ಕರೀ ಓಲಗವೆಂದರೆ ಕ್ಲಾರಿನೆಟ್ಟು. ಅದನ್ನು ನುಡಿಸುವ ಬಾಸ್ತಿಯಾನ್ ಮೂವತ್ತು ವರ್ಷದಿಂದ ಲಿಗೋರಿಯವರ ಜೊತೆಗಾರ.

"ಬೆಳಿಗ್ಗೆ ಮಾಸ್ತರರು ಬಲಗಡೆ ಮಣೆ ಮುಟ್ಟಿದ್ರೋ, ಇಲ್ವೋ?"

"ಮುಟ್ದೆ ಏನು. ಈ ತುದಿಯಿಂದ ಆ ತುದಿಗಂಟ ಕೈ ಓಡುಸ್ತಿದ್ರು. ನಾನು ಕಿಟ್ಕಿ ಒರುಸ್ತಾ ನೋಡ್ತಿದ್ದೆ."

ಸಾಹೇಬರೂ ಮೇಷ್ಟರೂ ಮುಂದಿನ ಅಂಗಳಕ್ಕೆ ಬಂದಾಗ ಲಿಗೋರಿ ಮಾಸ್ತರರು ಹೊಳೆಯ ಕಡೆಗೆ ಮುಖ ಮಾಡಿ ಒಬ್ಬರೇ ನಿಂತಿದ್ದರು. ಬಿಳಿ ಸೂಟು, ಎಲುಬು ಕಾಣುವ ಮಣಿಕಟ್ಟು. ಯಾರನ್ನೂ ಕಾಯದೆ ನಿಲ್ಲುವುದು ಅಭ್ಯಾಸವಾದವರ ನಿಲುವು ಅದು, ಮೇಷ್ಟರಿಗೆ ಗುರುತಿತ್ತು.

ದೂರದ ಸೇತುವೆಯ ಮೇಲೆ ಗೂಡ್ಸ್ ಗಾಡಿ ಗುಡುಗಿತು. "ಮೈಸೂರಿನ ಗಾಡಿಯಾ?" ಎಂದು ಮಾಸ್ತರರು ತಟ್ಟನೆ ಕೇಳಿದರು. ಅಷ್ಟರಲ್ಲಿ ಹಿಂದಿನಿಂದ ಪೋಸ್ಟಿನವನ ಸೈಕಲ್ಲು ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸುತ್ತ ಬಂತು. ಮಾಸ್ತರರು ಕದಲಲಿಲ್ಲ. ಸಾಹೇಬರೇ ಅವರ ತೋಳು ಹಿಡಿದು ಈಚೆಗೆ ಎಳೆದರು.

ಸಾಹೇಬರ ಮುಖ ಒಮ್ಮೆಗೇ ಸಪ್ಪಗಾಯಿತು. ಮೇಷ್ಟರನ್ನು ಮರದ ಕೆಳಗೆ ಕರೆದೊಯ್ದು ಕಿವಿಯಲ್ಲಿ ಎಲ್ಲವನ್ನೂ ಹೇಳಿದರು. ಮೇಷ್ಟರು ಕೊಡೆ ಊರಿಕೊಂಡು ನಿಂತೇಬಿಟ್ಟರು.

"ನಿಂಗಯ್ಯನ್ನ ಒಬ್ಬನೇ ಕರೆದು ಗುಟ್ಟಾಗಿ ಹೇಳಿಬಿಡಿ ಸಾಬ್ರೇ. ಆ ಮುದುಕರ ಕಡೇ ದಿನ ಇದು."

"ಚೌಡಯ್ಯನ ಮರ್ಯಾದೆ ಎಲ್ರ ಮುಂದೆ ಹೋಗಿದೆ ಮೇಷ್ಟ್ರೇ. ವಾಪಸ್ ಬರೋದೂ ಎಲ್ರ ಮುಂದೇನೇ ಬರ್ಬೇಕು. ಗುಟ್ಟಾಗಿ ಹೇಳಿದ್ರೆ ಊರಲ್ಲಿ ಅವನು ಕಳ್ಳನಾಗೇ ಉಳೀತಾನೆ."

ಒಬ್ಬ ಬಡವನ ಅನ್ನ ಒಂದು ಕಡೆ, ಒಬ್ಬ ಮುದುಕನ ಮಾನ ಇನ್ನೊಂದು ಕಡೆ. ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದ್ದರೂ ಇಂಥ ಲೆಕ್ಕ ಮೇಷ್ಟರಿಗೆ ಬಂದಿರಲಿಲ್ಲ.

ಐದು ಗಂಟೆಗೆ ಎಲ್ಲರೂ ಹಾಲಿನಲ್ಲಿ ಸೇರಿದರು. ನಿಂಗಯ್ಯನವರು, ಕ್ಲಬ್ಬಿನ ಮೆಂಬರುಗಳು, ವಾದ್ಯದವರು, ಬಾಗಿಲ ಹತ್ತಿರ ಚೌಡಯ್ಯ ಮತ್ತು ಮಂಚಮ್ಮ. ಮಾಸ್ತರರು ಒಳಗೆ ಮಲಗಿರಲಿ ಎಂದು ಬಾಸ್ತಿಯಾನ್ ಹೇಳಿದ. ಆದರೆ ಮಾಸ್ತರರು ತಾವಾಗಿಯೇ ಬಂದು ಪಿಯಾನೊದ ಪಕ್ಕ ಕೂತರು.

ಸಾಹೇಬರು ಬೆಂಕಿಕಡ್ಡಿ ಎತ್ತಿ ಹಿಡಿದರು. "ಚೌಡಯ್ಯ ನೆನ್ನೆ ನಾಲ್ಕಕ್ಕೆ ಕುಂಕುಮ ಎರಚಿದ. ಸುತ್ತಿಗೆ ಇದ್ದ ಕಡೆ ಅದು ಸುತ್ತಿಗೆ ಮೇಲೆ ಕೂತಿದೆ, ಕೆಳಗಿನ ಮರ ಚೊಕ್ಕವಾಗಿದೆ. ಇವತ್ತು ಹನ್ನೊಂದು ಗಂಟೆ ಮೇಲೆ ಸುತ್ತಿಗೆ ಕಿತ್ತಿದ್ರೆ, ಕಿತ್ತ ಜಾಗದ ಮರವೂ ಚೊಕ್ಕವಾಗಿರ್ಬೇಕಿತ್ತು. ಇಲ್ಲಿ ನೋಡಿದ್ರೆ ಮರದ ಮೇಲೂ ಕುಂಕುಮ, ಸ್ಕ್ರೂ ತೂತಿನೊಳಗೂ ಕುಂಕುಮ. ಅಂದ್ರೆ ಪೂಜೆ ಹೊತ್ತಿಗಾಗ್ಲೇ ಸುತ್ತಿಗೆ ಇರಲಿಲ್ಲ. ಎತ್ತರದ ಪೆಟ್ಟಿಗೆ, ಒಳಗೆ ಕತ್ತಲೆ. ಚೌಡಯ್ಯ ಕೈ ಎತ್ತಿ ಎರಚಿದ, ಇಣುಕಿ ನೋಡಲಿಲ್ಲ. ದೇವರನ್ನ ಯಾರು ಎಣಿಸಿ ನೋಡ್ತಾರೆ?"

"ಪೂಜೆಗೆ ಮುಂಚೆಯೇ ಅವನೇ ಕಿತ್ತಿರಬಹುದಲ್ಲ?" ಎಂದರು ಮೆಂಬರೊಬ್ಬರು.

"ಕಿತ್ತವನು ಅದೇ ಪೆಟ್ಟಿಗೆಗೆ ಪೂಜೆ ಮಾಡಿ, ಮಾಡಿದ್ದೆ ಅಂತ ಬಾಯಿಬಿಟ್ಟು ಹೇಳ್ತಾನಾ? ಅದೂ ಅಲ್ಲದೆ ಅಷ್ಟು ಸಣ್ಣ ಸ್ಕ್ರೂ ಬಿಚ್ಚೋ ತಿರುಪುಳಿ ಅವನ ಹತ್ರ ಎಲ್ಲಿದೆ? ಕ್ಲಾರಿನೆಟ್ಟಿನ ಕೀಲು ಬಿಗಿ ಮಾಡೋರ ಹತ್ರ ಇರುತ್ತೆ. ಪೂಜೆಗೆ ಮುಂಚೆ ಒಳಗೆ ಹೋಗಿದ್ದೂ ಅವರೊಬ್ಬರೇ."

ಬಾಸ್ತಿಯಾನ್ ತನ್ನ ವಾದ್ಯದ ಪೆಟ್ಟಿಗೆ ತೆರೆದು ಕರವಸ್ತ್ರದ ಗಂಟೊಂದನ್ನು ಮುಂದಿಟ್ಟ. ಹನ್ನೆರಡು ಸುತ್ತಿಗೆಗಳು. ಒಂದರ ಮೇಲೂ ಕುಂಕುಮದ ಚುಕ್ಕೆಯಿರಲಿಲ್ಲ.

ನಿಂಗಯ್ಯನವರಿಗೆ ಕೋಪ ಒಂದು ಕಡೆ, ಗೊಂದಲ ಒಂದು ಕಡೆ. "ಅದೆಲ್ಲ ಸರಿ ಸಾಬ್ರೇ. ಹಾಗಾದ್ರೆ ಇವತ್ತು ಬೆಳಿಗ್ಗೆ ಮಾಸ್ತರರು ಎರಡು ಗಂಟೆ ನುಡಿಸಿ, ಚೆನ್ನಾಗಿದೆ ಅಂದ್ರಲ್ಲ? ಅದು ಹೇಗೆ?"

ಸಾಹೇಬರು ಆ ಪ್ರಶ್ನೆ ಬರುತ್ತದೆಂದು ತಿಳಿದೇ ಬಂದಿದ್ದರು. ಆದರೂ ಬೆಂಕಿಕಡ್ಡಿಯನ್ನು ಜೇಬಿಗೆ ಹಾಕುತ್ತ ಹೊತ್ತು ಕಳೆದರು. ಮೇಷ್ಟರು ನೆಲ ನೋಡಿದರು.

"ನನಗೆ ಕೇಳಲಿಲ್ಲ," ಎಂದರು ಲಿಗೋರಿ ಮಾಸ್ತರರು.

ಎಲ್ಲರೂ ಅವರ ಕಡೆ ತಿರುಗಿದರು.

"ಸಾಹೇಬರು ತೋಳು ಹಿಡಿದು ಎಳೆದಾಗಲೇ ಇವರಿಗೆ ಗೊತ್ತಾಯಿತು ಅಂದುಕೊಂಡೆ. ಎರಡು ವರ್ಷವಾಯಿತು, ತಾರಕದ ದನಿ ಕಿವಿಗೆ ಬೀಳುವುದು ನಿಂತು. ಮೊದಲು ಹಕ್ಕಿಗಳು ಹೋದವು. ಆಮೇಲೆ ಬಲಗಡೆಯ ಸ್ವರಗಳು. ಬೆರಳೂ ಮರಗಟ್ಟಿದೆ, ಸುತ್ತಿಗೆಯಿಲ್ಲದೆ ಮಣೆ ಹಗುರವಾದದ್ದು ಅದಕ್ಕೂ ತಿಳಿಯಲಿಲ್ಲ. ಆ ಕಡೆ ನುಡಿಸುವಾಗ ನೆನಪಿನಲ್ಲೇ ಕೇಳಿಕೊಳ್ಳುತ್ತೇನೆ. ಬಾಸ್ತಿಯಾನ್‌ಗೂ ಹೇಳಿರಲಿಲ್ಲ." ಅವರು ಗೆಳೆಯನತ್ತ ನೋಡಿದರು. "ನಿನಗೆ ಯಾವಾಗ ಗೊತ್ತಾಯಿತು, ಮಾರಾಯ?"

ಬಾಸ್ತಿಯಾನ್ ತಲೆ ತಗ್ಗಿಸಿಯೇ ಹೇಳಿದ. "ಹೋದ ತಿಂಗಳು ಬೆಂಗಳೂರಲ್ಲಿ. ಸೋಲ್ಜರುಗಳ ಮುಂದೆ. ನಿಮ್ಮ ಬಲಗೈ ಪಕ್ಕದ ಮಣೆಗೆ ಜಾರುತ್ತಿತ್ತು. ಅವರು ನಕ್ಕರು. ನೀವು ನನ್ನ ಕಡೆ ತಿರುಗಿ, ಜನ ಖುಷಿಯಾಗಿದಾರಲ್ಲ ಅಂದ್ರಿ. ಕಡೇ ದಿನವೂ ಹಾಗಾಗಬಾರದು ಅಂತ, ನಿಮಗೆ ಕೇಳದ ಸ್ವರ ಯಾರಿಗೂ ಕೇಳದ ಹಾಗೆ ಮಾಡಿದೆ. ಸುತ್ತಿಗೆ ಹಳೇದು, ಇಲಿ ಕೊಂಡುಹೋಗಿದೆ ಅನ್ನೋಣ ಅಂತಿದ್ದೆ. ಚೌಡಯ್ಯನ ಮೇಲೆ ಬಂದಾಗ ಬಾಯಿ ಬಿಡಬೇಕಿತ್ತು. ಬಿಟ್ಟರೆ ನಿಮ್ಮ ಸುದ್ದಿ ಹೇಳಬೇಕಿತ್ತು. ಹೇಡಿಯಾದೆ."

ಮಾಸ್ತರರು ಎದ್ದು ಬಾಗಿಲ ತನಕ ನಡೆದು ಚೌಡಯ್ಯನ ಎರಡೂ ಕೈ ಹಿಡಿದುಕೊಂಡರು. "ನಾನು ಬೆಳಿಗ್ಗೆ ಸುಳ್ಳು ಹೇಳಿದೆ. ಚೆನ್ನಾಗಿದೆ ಅಂದೆ, ಕೇಳದೆಯೇ. ನಿನ್ನ ಮನೆ ಹೋಗುತ್ತಿದ್ದದ್ದು ನನ್ನ ಆ ಒಂದು ಮಾತಿಗೆ."

"ಬುಡಿ ಬುದ್ದಿ," ಎಂದ ಚೌಡಯ್ಯ. "ನಂಗೂ ಒಂದ್ ಕಿವಿ ಮಂದ."

ನಿಂಗಯ್ಯನವರು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ, "ಚೌಡಯ್ಯ, ತಪ್ಪಾಯ್ತು ಕಣಪ್ಪ. ಸಾಮಾನು ಒಳಗೆ ಇಡು," ಎಂದರು. ಮಂಚಮ್ಮ ಆಗ ಅತ್ತಳು.

ಸಾಹೇಬರು ಸುತ್ತಿಗೆಗಳ ಗಂಟನ್ನು ಎತ್ತಿಕೊಂಡರು. "ಇವನ್ನ ಏನ್ ಮಾಡ್ಲಿ ಮಾಸ್ತರೇ? ಬೇಡ ಅಂದ್ರೆ ಹೀಗೇ ಬಿಡ್ತೀನಿ. ಇಲಿ ಕಥೆ ನಾವೆಲ್ಲ ಒಪ್ಕೋತೀವಿ."

"ಹಾಕಿ," ಎಂದರು ಮಾಸ್ತರರು. "ಹನ್ನೆರಡನ್ನೂ ಹಾಕಿ. ತಪ್ಪು ನುಡಿದರೆ ನುಡಿಯಲಿ. ನನಗೆ ಕೇಳದಿದ್ದರೆ ಇರಲಿ, ನಾಲ್ಕು ಜನಕ್ಕಾದರೂ ಕೇಳಲಿ."

ಆರಕ್ಕೆ ಶುರುವಾಗಬೇಕಿದ್ದದ್ದು ಆರೂವರೆಗೆ ಶುರುವಾಯಿತು. ಜಾಜ್ ಎಂದರೇನೆಂದು ಮೇಷ್ಟರಿಗೆ ಕಡೆಗೂ ತಿಳಿಯಲಿಲ್ಲ. ಡೋಲಿನವನು ತಾಳ ತಪ್ಪಿದವನಂತೆ ಬಾರಿಸಿ ಸರಿಯಾಗಿ ಬಂದು ಸೇರುತ್ತಿದ್ದ. ತುತ್ತೂರಿಯವನು ಜಗಳಕ್ಕೆ ಬಂದವನಂತೆ ಊದುತ್ತಿದ್ದ. ನಡುವೆ ಮುದುಕರ ಎಡಗೈ ಮಾತ್ರ ಬಾವಿಯಿಂದ ನೀರು ಸೇದಿದ ಹಾಗೆ ಒಂದೇ ಸಮನೆ ನಡೆಯುತ್ತಿತ್ತು. ಬಲಗೈ ತುದಿಗೆ ಹೋದಾಗಲೆಲ್ಲ ಮೇಷ್ಟರು ಕಿವಿಗೊಟ್ಟು, ಒಂದೊಂದು ತಪ್ಪಿಗೂ ಒಂದೊಂದು ಬೆರಳು ಮಡಿಚಿದರು. ಒಮ್ಮೆ ಅದು ಜಾರಿತು, ಹಾಲಿನ ಹಿಂದೆ ಯಾರೋ ಕಿಸಕ್ಕೆಂದರು. ಮುದುಕರಿಗೆ ಅದೂ ಕೇಳಲಿಲ್ಲ. ಅಷ್ಟು ಜನ ಘಟಾನುಘಟಿಗಳ ನಡುವೆ ಅವರು ಎಷ್ಟು ಒಂಟಿಯಾಗಿದ್ದರೆಂದರೆ, ಮೇಷ್ಟರ ಕಣ್ಣು ತುಂಬಿ ಬಂತು. ಮುಂದಿನ ಸಲ ಜಾರಿದಾಗ ಬಾಸ್ತಿಯಾನ್ ಆ ತಪ್ಪು ಸ್ವರವನ್ನೇ ಕ್ಲಾರಿನೆಟ್ಟಿನಲ್ಲಿ ಹಿಡಿದು ಮುಂದಕ್ಕೆ ನುಡಿಸಿದ. ಮಿಕ್ಕವರೂ ಅದನ್ನೇ ಹಿಡಿದರು. ಆಮೇಲೆ ಯಾರೂ ನಗಲಿಲ್ಲ.

ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿ, ಹಾರ ಹಾಕಿ, ಭಾಷಣ ಮಾಡಿ ಚದುರಿದರು. ಮಾಸ್ತರರು ನೇರವಾಗಿ ಮೊದಲ ಸಾಲಿನಲ್ಲಿ ಕೂತಿದ್ದ ಮೇಷ್ಟರ ಹತ್ತಿರ ಬಂದರು.

"ಎಷ್ಟು ತಪ್ಪಾಯಿತು?"

ಒಂದೂ ಇಲ್ಲ ಎನ್ನಬೇಕೆಂದು ಮೇಷ್ಟರ ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ವಹಾಬ್ ಸಾಹೇಬರು ನಿಂತಿದ್ದರು.

"ಏಳು," ಎಂದರು ಮೇಷ್ಟರು.

ಮಾಸ್ತರರು ಪಕ್ಕದ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತರು. "ಹಾಗಾದರೆ ಕೇಳಿದ್ದೀರಿ," ಎಂದರು. "ಎಲ್ಲೆಲ್ಲಿ, ಹೇಳಿ."