ಅರ್ಧ ಕ್ಲಚ್ಚಿನ ದಾರಿ

"ಗಾಡಿ ಯಾರದು?"

ಕೇಳುವ ಮೊದಲೇ ದಾನೇಶ್ವರಿಗೆ ಗೊತ್ತಾಗಿತ್ತು. ರಾಯಚೂರಿನಲ್ಲಿ ಅವಳೂ ಅಪ್ಪನೂ ನಡೆಸುವ ಗ್ಯಾರೇಜಿಗೆ ಹಗ್ಗ ಕಟ್ಟಿ ಎಳೆದು ತಂದ ಆ ಕೆಂಪು ಟರ್ಬೊ ಕಾರನ್ನು ಅವಳು ಕಣ್ಣು ಮುಚ್ಚಿಯೂ ಗುರುತಿಸಬಲ್ಲಳು. ಅದರಿಂದ ಇಳಿದವನನ್ನೂ...

ದೇವದುರ್ಗದ ಗೌತಮ. ಅವಳ ಕೈ ಹಿಡಿಯಬೇಕಿದ್ದವನು. ಅವಳ ಅವ್ವನನ್ನು ಕೊಂದವನು.

ಹಾಗಂತ ನಂಬಿದ್ದಳು, ಪಾಪ, ಹುಡುಗಿ.

ಕಳೆದ ಬೇಸಿಗೆಯಲ್ಲಿ ಅವ್ವ ಶೇಖಮ್ಮ, ಮಾನ್ವಿ ಕಡೆಯ ಬಾಗಲವಾಡದಲ್ಲಿ, ತವರುಮನೆಯ ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಆಂಬುಲೆನ್ಸ್ ದೂರವಿತ್ತು. ಅವ್ವನನ್ನು ಮಾತಾಡಿಸಲು ಬಂದಿದ್ದ ಗೌತಮ ಅವಳನ್ನು ಕಾರಿನಲ್ಲಿ ಮಲಗಿಸಿಕೊಂಡು ಹೊರಟ. ರಾಯಚೂರಿನ ಆಸ್ಪತ್ರೆಯ ಗೇಟಿನಲ್ಲಿ ದಾನೇಶ್ವರಿ ಕಾದಳು, ಕಾದಳು... ಯಾರಿಗೂ ಸೋಲದ ಗಾಡಿ ಎಂದು ಮೆರೆಯುತ್ತಿದ್ದ ಆ ಕಾರು ಬಂದಾಗ ಅವ್ವನ ಉಸಿರು ನಿಂತಿತ್ತು. ದಾರಿಯಲ್ಲಿ ಟಂಟಂ ಆಟೋಗಳೂ ಅದನ್ನು ದಾಟಿ ಹೋಗಿದ್ದವಂತೆ.

"ಇನ್ನ ಮ್ಯಾಲೆ ನನಗ ಮಾರಿ ತೋರಸಬ್ಯಾಡ" ಎಂದಿದ್ದಳು.

ಅವನು ಎದುರಾಡಲಿಲ್ಲ. ತಪ್ಪಿಲ್ಲದವನು ಸುಮ್ಮನಿರುತ್ತಾನೆಯೇ ಎಂದುಕೊಂಡಳು.

"ಏನಾಗೇದ್ರಿ ಗಾಡಿಗೆ?" ಈಗ ಗಿರಾಕಿಯನ್ನು ಕೇಳುವಂತೆ ಕೇಳಿದಳು.

"ಕ್ಲಚ್ ಸುಟ್ಟದ. ಅವತ್ತ ಆಸ್ಪತ್ರಿ ಗೇಟಿನಾಗ ನಿಂತದ್ದು, ಆಮ್ಯಾಲೆ ಓಡಿಸಿಲ್ಲ. ಮಾರಾಕತ್ತೀನಿ. ಕೊಳ್ಳಾಂವ ಮತ್ತ ಅಂಥದ್ದೇ ರೇಸ್ ಕ್ಲಚ್ ಬೇಕಂತಾನ."

ಅಪ್ಪ ಮೂಕಪ್ಪ ಗೇರ್‌ಬಾಕ್ಸ್ ಇಳಿಸಿಕೊಟ್ಟ. ಕ್ಲಚ್ ಬಿಚ್ಚಿದ ದಾನೇಶ್ವರಿಯ ಕೈ ಅಲ್ಲೇ ನಿಂತಿತು. ಕವರ್ ಕಾದು ನೀಲಿಗಟ್ಟಿತ್ತು. ಕ್ಲಚ್ ಕೂರುವ ಫ್ಲೈವೀಲ್ ಚಕ್ರದ ತುಂಬ ಬಿರುಕು. ಜೋರಾಗಿ ಓಡಿಸಿದರೆ ಹೀಗಾಗುವುದಿಲ್ಲ. ಪೆಡಲ್ಲಿನಿಂದ ಕಾಲು ಪೂರ್ತಿ ಎತ್ತದೆ, ಅರ್ಧ ಒತ್ತಿಕೊಂಡೇ ಗಾಡಿಯನ್ನು ತೆವಳಿಸಿದರೆ ಮಾತ್ರ...

"ದಾರಿ ಪೂರಾ ಅರ್ಧ ಕ್ಲಚ್ಚಿನಾಗ ಬಂದೀಯೇನು?" ಮರ್ಯಾದೆಯ ಮಾತು ತಾನಾಗಿ ಉದುರಿಹೋಗಿತ್ತು.

ಗೌತಮ ತಲೆ ತಗ್ಗಿಸಿದ.

"ರಸ್ತಾ ಕಿತ್ತು ಹೋಗಿತ್ತು. ತಗ್ಗು ಬಂದಲ್ಲೆಲ್ಲಾ ಗೇರ್ ಇಳಸಬೇಕು. ಕಾಲ ಎತ್ತಿದ್ರ ಗಾಡಿ ಜಿಗಿತಿತ್ತು. ಒಂದೊಂದು ಜಿಗಿತಕ್ಕ ನಿಮ್ಮವ್ವ ಚೀರತಿದ್ಲು. 'ಯಪ್ಪಾ, ಮೆಲ್ಲಕ ಹೋಗೋ' ಅಂತ ಕೈ ಮುಗದ್ಲು. ನಾ ಏನ್ ಮಾಡ್ಲಿ?"

ದಾನೇಶ್ವರಿ ಸುಟ್ಟ ಕ್ಲಚ್ಚನ್ನು ಕೈಯಲ್ಲಿ ಹೊರಳಿಸಿ ನೋಡಿದಳು.

ಹಿಡಿದರೆ ಗಪ್ಪನೆ ಹಿಡಿಯುವ, ಬಿಟ್ಟರೆ ಪೂರ್ತಿ ಬಿಡುವ, ಊರ ರಸ್ತೆಗೆ ಸಲ್ಲದ ಆ ರೇಸ್ ಕ್ಲಚ್ಚನ್ನು ಆರಿಸಿದವರು ಯಾರು? ಪ್ರೀತಿಯ ಹೊಸತರಲ್ಲಿ, ನನ್ನ ಹುಡುಗನ ಗಾಡಿ ಯಾರಿಗೂ ಸೋಲಬಾರದೆಂದು, ಅಪ್ಪ ಬೇಡವೆಂದರೂ ಕೇಳದೆ, ಅವಳೇ ಆರಿಸಿ ಅವಳೇ ಬಿಗಿದಿದ್ದಳು.

"ಯಾಕ ಹೇಳಲಿಲ್ಲ ನೀ?"

"ಏನಂತ ಹೇಳ್ಲಿ? ನೀ ಹಾಕಿದ ಕ್ಲಚ್ಚಿಂದ ತಡಾ ಆತಂತ? ಅದನ್ನ ಕೇಳಿ ನೀ ಬದುಕ್ತಿದ್ದೇನು, ದಾನಿ? ನನ್ನ ಮ್ಯಾಲ ಸಿಟ್ಟಿದ್ರ ಉಣ್ತಿ, ಮಲಗ್ತಿ... ಇರಲಿ ಅಂದ್ಕೊಂಡೆ."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೆ? ಅವ್ವನೂ ಬರುವುದಿಲ್ಲ, ಆಡಿದ ಮಾತೂ ಹಿಂದಕ್ಕೆ ಬರುವುದಿಲ್ಲ. ದಾನೇಶ್ವರಿ ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಗೌತಮ ಪಕ್ಕದಲ್ಲಿ ಕುಳಿತ.

ಬಹಳ ಹೊತ್ತಿನ ಮೇಲೆ ಅವಳು ಎದ್ದು, ಕಪಾಟಿನಿಂದ ಬಿಗಿಯಾದೊಂದು ಕ್ಲಚ್ ಕವರ್, ಸ್ಪ್ರಿಂಗ್ ಇರುವ ಮೆತ್ತನೆಯ ಪ್ಲೇಟು ತೆಗೆದಳು.

"ಕೊಳ್ಳಾಂವಗ ಇದು ನಡಿಯಂಗಿಲ್ಲ" ಎಂದ ಗೌತಮ.

"ಯಾರಿಗೂ ಮಾರೂದಿಲ್ಲ ಇದನ್ನ. ಈ ಕವರ್ ಇಂಜಿನ್ನಿನ ತಾಕತ್ತು ತಡಕೊಂತದ. ಈ ಪ್ಲೇಟು ಕುಂತವರಿಗೆ ಜರ್ಕ್ ಕೊಡಂಗಿಲ್ಲ. ಗಾಡ್ಯಾಗ ಮಂದಿ ಕೂಡ್ತಾರ ಅನ್ನೂದೇ ಮರ್ತಿದ್ದೆ ನಾ."

ಮೂಕಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಆಮೇಲೆ ಮಗಳ ಕೈಗೆ ಬೋಲ್ಟ್ ಬಿಗಿಯುವ ಪಾನಾ ಎತ್ತಿಕೊಟ್ಟ.

ಬೇರೆ ಫ್ಲೈವೀಲು ತರಿಸಿ, ಮರುದಿನ ಸಂಜೆಗೆ ಎಲ್ಲ ಬಿಗಿದರು. ದಾನೇಶ್ವರಿ ಪಕ್ಕದ ಸೀಟಿನಲ್ಲಿ ಕುಳಿತಳು. ಗೌತಮ ಹೆದರುತ್ತಲೇ ಕಾಲೆತ್ತಿದ. ಕಾರು ಜಿಗಿಯಲಿಲ್ಲ, ಮೆತ್ತಗೆ ಮುಂದೆ ಸಾಗಿತು. ಅವನ ಕಣ್ಣು ತುಂಬಿ ಬಂತು.

"ಎಲ್ಲಿಗೆ?"

"ಬಾಗಲವಾಡಕ್ಕ. ಅವ್ವನ್ನ ಮಣ್ಣ ಮಾಡಿದ ಜಾಗದಾಗ ನನ್ನ ತಪ್ಪು ಒಪ್ಕೋಬೇಕು... ಆಮ್ಯಾಲೆ ಅಲ್ಲೇ ನಿನ್ನ ಕೈ ಹಿಡಕೊಂಡು ನಿಂದ್ರಬೇಕು. ಹಿಡಿಗೊಡ್ತೀಯೇನು?"

ಅವನು ತಲೆಯಾಡಿಸಿ ಗೇರಿನ ಮೇಲೆ ಕೈ ಇಟ್ಟ.

"ಮೆಲ್ಲಕ ಹೋಗ್ಲೇನು, ದಾನಿ?"

ಗೇರಿನ ಮೇಲಿದ್ದ ಅವನ ಕೈ ಮೇಲೆ ಅವಳು ತನ್ನ ಕೈ ಇಟ್ಟಳು.

"ಬ್ಯಾಡ. ನಮಗ ಆಗ್ಲೇ ಭಾಳ ತಡಾ ಆಗ್ಯದ."